ತೆಂಗಿನ ಹುರಿಯಿಂದ ಹೊಲಿದ ಹಡಗು

ಕುಂಬಳೆಯೆಂದರೆ ಹೆಚ್ಚಿನವರಿಗೆ ಮೊದಲು ನೆನಪಾಗುವುದು ಯಕ್ಷಗಾನದ ಪಾರ್ತಿಸುಬ್ಬ. ಆಮೇಲೆ ಕುಂಬಳೆಯ ಅರಸರು, ಕಣಿಪುರದ ಗೋಪಾಲಕೃಷ್ಣ ದೇವಸ್ಥಾನ, ಅನಂತಪುರದ ಕೆರೆ. ಕುಂಬಳೆ ಒಂದು ಕಾಲದಲ್ಲಿ ಬಂದರಾಗಿತ್ತು ಎಂಬುದನ್ನು ನೆನಪಿಸಿಕೊಳ್ಳುವವರು ಕಡಿಮೆ. ಈಗಿನ ಮಕ್ಕಳಿಗೆ ಬಂದರು ಎಂದರೆ ಮಂಗಳೂರು, ಇಲ್ಲವೇ ಕೊಚ್ಚಿ. ಆದರೆ ಪೋರ್ಚುಗೀಸ್ ಪ್ರವಾಸಿ ಡುವಾರ್ಟೆ ಬರ್ಬೋಸಾ 1514ರಲ್ಲಿ ಈ ಕರಾವಳಿಗೆ ಬಂದಾಗ ಕುಂಬಳೆಯ ಬಗ್ಗೆ ಒಂದು ವಿಷಯವನ್ನು ಬರೆದಿಟ್ಟಿದ್ದಾನೆ. ಇಲ್ಲಿಂದ ಕಪ್ಪಾದ, ಅಗ್ಗದ, ಅಷ್ಟೇನೂ ಚೆನ್ನಾಗಿಲ್ಲದ ಅಕ್ಕಿ ಮಾಲ್ದೀವ್ಸ್ ದ್ವೀಪಗಳಿಗೆ ಹೋಗುತ್ತಿತ್ತು, ಅದರ ಬದಲಿಗೆ ಅಲ್ಲಿಂದ ತೆಂಗಿನ ನಾರಿನ ಹುರಿ ಬರುತ್ತಿತ್ತು ಎಂದು.

ನಮ್ಮ ಅಕ್ಕಿಯನ್ನು ಅವನು ಹೊಗಳಿಲ್ಲ, ಇರಲಿ. ನಮಗೆ ಇಲ್ಲಿ ಮುಖ್ಯವಾದುದು ಆ ಹುರಿ. ತೆಂಗು ನಮ್ಮಲ್ಲೂ ಇತ್ತಲ್ಲವೆ? ಆದರೂ ಸಮುದ್ರ ದಾಟಿ ಹುರಿ ತರಿಸುತ್ತಿದ್ದರು ಎಂದರೆ ಅದು ಬಾವಿಯಿಂದ ನೀರು ಸೇದುವುದಕ್ಕೆ, ದನ ಕಟ್ಟುವುದಕ್ಕೆ ಮಾತ್ರ ಆಗಿರಲಾರದು. ಆ ಕಾಲದಲ್ಲಿ ಅರಬ್ಬೀ ಸಮುದ್ರದಲ್ಲಿ ಓಡಾಡುತ್ತಿದ್ದ ಹಡಗುಗಳಿಗೆ ಹುರಿ ಬೇಕಿತ್ತು. ಹಾಯಿ ಕಟ್ಟಲು ಬೇಕಿತ್ತು, ಲಂಗರಿಗೆ ಬೇಕಿತ್ತು. ಅದಕ್ಕಿಂತ ಹೆಚ್ಚಾಗಿ ಹಡಗಿನ ಒಡಲನ್ನೇ ಹೊಲಿಯಲು ಬೇಕಿತ್ತು. ಹೌದು, ಬಟ್ಟೆ ಹೊಲಿದಂತೆ ಹಲಗೆಗೆ ಹಲಗೆ ಸೇರಿಸಿ ಹೊಲಿಯುತ್ತಿದ್ದರು.

ಈ ಹೊಲಿದ ಒಡಲಿನ ಇತಿಹಾಸವನ್ನು ಪುಸ್ತಕದಲ್ಲಿ ಓದಿದರೆ ಅರ್ಧ ಮಾತ್ರ ತಿಳಿಯುತ್ತದೆ. ಉಳಿದರ್ಧ ತಿಳಿಯಬೇಕಾದರೆ ಒಂದು ಸಣ್ಣ ಮಾದರಿ ದೋಣಿಯನ್ನು ನಮ್ಮ ಕೈಯಿಂದಲೇ ಮಾಡಿ ನೋಡಬೇಕು. ಮನೆಯ ಜಗಲಿಯಲ್ಲಿ ಕೂತು, ನಮ್ಮ ಊರಿನಲ್ಲೇ ಸಿಗುವ ಸಾಮಾನುಗಳಿಂದ ಮಾಡಬಹುದಾದದ್ದು. ಅದನ್ನೇ ಇಲ್ಲಿ ಹೇಳಹೊರಟಿದ್ದೇವೆ.

ಕಬ್ಬಿಣ ಬಿಟ್ಟು ಹುರಿ ಯಾಕೆ?

ಕ್ರಿಸ್ತಶಕ ಮೊದಲನೆಯ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ಬರೆದ ‘ಪೆರಿಪ್ಲಸ್’ ಎಂಬ ಕಡಲ ಕೈಪಿಡಿಯಲ್ಲೇ ಅರಬ್ಬೀ ಸಮುದ್ರದ ಹೊಲಿದ ದೋಣಿಗಳ ಪ್ರಸ್ತಾಪವಿದೆ. ಹದಿಮೂರನೆಯ ಶತಮಾನದ ಕೊನೆಗೆ ಮಾರ್ಕೊ ಪೋಲೊ ಹೊರ್ಮುಜ್ ಬಂದರಿನಲ್ಲಿ ಇಂಥ ಹಡಗುಗಳನ್ನು ಕಂಡ. ಕಬ್ಬಿಣದ ಮೊಳೆ ಇಲ್ಲ, ತೆಂಗಿನ ನಾರಿನ ಹುರಿಯಿಂದ ಹೊಲಿದಿದ್ದಾರೆ, ಇವು ಅಪಾಯಕಾರಿ, ಎಷ್ಟೋ ಮುಳುಗಿ ಹೋಗುತ್ತವೆ ಎಂದು ಅವನ ದೂರು. ಹದಿನಾಲ್ಕನೆಯ ಶತಮಾನದಲ್ಲಿ ಬಂದ ಇಬ್ನ್ ಬತೂತಾನ ಅಭಿಪ್ರಾಯ ಬೇರೆ. ಅವನು ಮಂಗಳೂರಿನಿಂದ ದಕ್ಷಿಣದ ಏಳಿಮಲೆಯ ಕಡೆಗೆ ಸಮುದ್ರ ದಾರಿಯಲ್ಲಿ ಹೋದವನು, ಅಂದರೆ ನಮ್ಮ ಕುಂಬಳೆಯ ಎದುರಿನಿಂದಲೇ ದಾಟಿದವನು. ಮಾಲ್ದೀವ್ಸ್‌ನಲ್ಲಿ ಕೆಲಕಾಲ ಖಾಜಿಯಾಗಿಯೂ ಇದ್ದ. ಆ ದ್ವೀಪಗಳ ಹುರಿಯಿಂದಲೇ ಭಾರತದ ಮತ್ತು ಯೆಮೆನಿನ ಹಡಗುಗಳನ್ನು ಹೊಲಿಯುತ್ತಾರೆ ಎಂದು ಬರೆದು, ಕಾರಣವನ್ನೂ ಹೇಳುತ್ತಾನೆ. ಈ ಸಮುದ್ರದಲ್ಲಿ ಬಂಡೆಗಳು ಹೆಚ್ಚು, ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆಯುತ್ತದೆ, ಹೊಲಿದ ಹಡಗು ಸ್ವಲ್ಪ ಬಾಗಿಕೊಟ್ಟು ಉಳಿದುಕೊಳ್ಳುತ್ತದೆ ಎಂದು.

ಇನ್ನೊಂದು ಕಾರಣವನ್ನು ಹಿಂದಿನವರು ನಂಬಿದ್ದರು. ಸಮುದ್ರದ ತಳದಲ್ಲಿ ಅಯಸ್ಕಾಂತದ ಬಂಡೆಗಳಿವೆ, ಕಬ್ಬಿಣ ಇರುವ ಹಡಗನ್ನು ಅವು ಎಳೆದುಕೊಳ್ಳುತ್ತವೆ ಎಂಬ ನಂಬಿಕೆ ಅದು. ಭೋಜರಾಜನ ಹೆಸರಿನಲ್ಲಿರುವ ‘ಯುಕ್ತಿಕಲ್ಪತರು’ ಎಂಬ ಸಂಸ್ಕೃತ ಗ್ರಂಥದಲ್ಲಿಯೂ ಇದೇ ಕಾರಣ ಕೊಟ್ಟು, ಸಮುದ್ರಕ್ಕೆ ಹೋಗುವ ಹಡಗಿನ ತಳಕ್ಕೆ ಕಬ್ಬಿಣ ಬಳಸಬಾರದು ಎಂದಿದೆ. ಅಯಸ್ಕಾಂತದ ಬಂಡೆ ಕಟ್ಟುಕಥೆ. ಆದರೆ ಉಪ್ಪುನೀರಿನಲ್ಲಿ ಕಬ್ಬಿಣದ ಮೊಳೆ ತುಕ್ಕು ಹಿಡಿದು ಸುತ್ತಲಿನ ಮರವನ್ನೂ ಹಾಳುಮಾಡುತ್ತದೆ ಎಂಬುದು ಕಟ್ಟುಕಥೆಯಲ್ಲ. ತೆಂಗಿನ ನಾರು ಉಪ್ಪುನೀರಿಗೆ ಬೇಗ ಕೊಳೆಯುವುದಿಲ್ಲ. ಸಿಪ್ಪೆಯನ್ನು ತಿಂಗಳುಗಟ್ಟಲೆ ಹಿನ್ನೀರಿನಲ್ಲಿ ಕೊಳೆಹಾಕಿಯೇ ಅಲ್ಲವೆ ನಾರು ತೆಗೆಯುವುದು? ನೀರು ತಾಗಿದರೆ ನಾರು ಉಬ್ಬುತ್ತದೆ, ಎಳೆದರೆ ಸ್ವಲ್ಪ ಹಿಗ್ಗುತ್ತದೆ. ಕಡಲ ತೆರೆಗಳ ಹೊಡೆತ ತಿನ್ನುವ ಒಡಲಿಗೆ ಇವೆರಡೂ ಬೇಕಾದ ಗುಣಗಳೇ.

ಅಂದಹಾಗೆ ನಮ್ಮ ಕಡಲಿನ ಹಳೆಯ ಹಡಗುಗಳೆಲ್ಲ ಹೊಲಿದವೇ ಎಂದು ತಿಳಿಯಬಾರದು. ಆಲಪ್ಪುಳ ಜಿಲ್ಲೆಯ ಕಡಕ್ಕರಪ್ಪಳ್ಳಿಯಲ್ಲಿ 2002-03ರಲ್ಲಿ ಅಗೆದು ತೆಗೆದ ಸುಮಾರು 18 ಮೀಟರ್ ಉದ್ದದ ಹಳೆಯ ದೋಣಿಯ ಹಲಗೆಗಳಿಗೆ ಕಬ್ಬಿಣದ ಮೊಳೆಗಳಿದ್ದವು. ಒಂದೇ ಕರಾವಳಿಯಲ್ಲಿ ಹಲವು ಪದ್ಧತಿಗಳು ಇದ್ದವು ಎಂಬುದಕ್ಕೆ ಇದು ಸಾಕ್ಷಿ. ಪೋರ್ಚುಗೀಸರು ಬಂದ ನಂತರ ದೊಡ್ಡ ಹಡಗುಗಳಲ್ಲಿ ಮೊಳೆಯ ಬಳಕೆ ಹೆಚ್ಚುತ್ತ ಹೋಯಿತು. ಹೊಲಿಗೆ ಮೀನಿನ ದೋಣಿಗಳಲ್ಲಿ, ಲಕ್ಷದ್ವೀಪದ ಓಡಗಳಲ್ಲಿ ಉಳಿಯಿತು. ಮದ್ರಾಸ್ ಪ್ರಾಂತದ ಮೀನುಗಾರಿಕಾ ಇಲಾಖೆಯಲ್ಲಿದ್ದ ಜೇಮ್ಸ್ ಹಾರ್ನೆಲ್ 1920ರಲ್ಲಿ ಭಾರತದ ದೋಣಿಗಳ ಬಗ್ಗೆ ದೊಡ್ಡ ಪ್ರಬಂಧ ಪ್ರಕಟಿಸಿದಾಗ ಈ ಹೊಲಿಗೆ ಇನ್ನೂ ಬಳಕೆಯಲ್ಲಿತ್ತು.

ನಕ್ಷೆ ಇಲ್ಲದ ವಿದ್ಯೆ

ಹೊಲಿದ ಹಡಗುಗಳಿಗೆ ನಕ್ಷೆ ಇರಲಿಲ್ಲ. ಕೋಝಿಕ್ಕೋಡಿನ ಹತ್ತಿರದ ಬೇಪೂರಿನ ‘ಉರು’ಗಳನ್ನು ಕಟ್ಟುವ ಮೇಸ್ತ್ರಿಗಳು ಕೂಡ ಕಾಗದದ ನಕ್ಷೆ ಇಲ್ಲದೆ, ತಲೆಯಲ್ಲಿರುವ ಲೆಕ್ಕದಿಂದಲೇ ಕೆಲಸ ನಡೆಸುತ್ತ ಬಂದವರು. ತಂದೆಯಿಂದ ಮಗನಿಗೆ, ಗುರುವಿನಿಂದ ಶಿಷ್ಯನಿಗೆ ಕೈಯಿಂದ ಕೈಗೆ ಬಂದ ವಿದ್ಯೆ. ಹಾಗಾದರೆ ಕಟ್ಟುವವರು ಇಲ್ಲವಾದ ಮೇಲೆ ಆ ವಿದ್ಯೆಯನ್ನು ಇತಿಹಾಸಕಾರರು ಓದುವುದು ಹೇಗೆ? ಮಾದರಿ ಮಾಡಿ ನೋಡುವುದೇ ದಾರಿ.

ಇದಕ್ಕೆ ದೊಡ್ಡ ಉದಾಹರಣೆ ಈಜಿಪ್ಟಿನದು. 1954ರಲ್ಲಿ ಗೀಜಾದ ದೊಡ್ಡ ಪಿರಮಿಡ್ಡಿನ ಬುಡದಲ್ಲಿ ಕಲ್ಲಿನ ಗುಂಡಿಯೊಂದು ಸಿಕ್ಕಿತು. ಅದರೊಳಗೆ ಸುಮಾರು 4500 ವರ್ಷ ಹಿಂದಿನ ಖುಫು ದೊರೆಯ ಹಡಗನ್ನು ಬಿಚ್ಚಿ ಜೋಡಿಸಿಟ್ಟಿದ್ದರು. ಒಟ್ಟು 1224 ತುಂಡುಗಳು! ಅದರ ಹಲಗೆಗಳೂ ಹಗ್ಗದಿಂದ ಹೊಲಿದವೇ. ಅದನ್ನು ಮತ್ತೆ ಜೋಡಿಸುವ ಹೊಣೆ ಹೊತ್ತವರು ಅಹ್ಮದ್ ಯೂಸುಫ್ ಮುಸ್ತಫಾ. ಅವರು ನೇರವಾಗಿ ಮೂಲ ತುಂಡುಗಳಿಗೆ ಕೈಹಾಕಲಿಲ್ಲ. ನೈಲ್ ದಂಡೆಯ ದೋಣಿ ಕಟ್ಟುವವರ ಬಳಿ ಹೋಗಿ ಕೆಲಸ ನೋಡಿ ಕಲಿತರು, ಸಣ್ಣ ಮಾದರಿ ಮಾಡಿ ಯಾವ ತುಂಡು ಎಲ್ಲಿ ಕೂರುತ್ತದೆ ಎಂದು ಪರೀಕ್ಷಿಸಿದರು. ಈಗ ನೋಡಲು ಸಿಗುವ ಸುಮಾರು 43 ಮೀಟರ್ ಉದ್ದದ ಆ ಹಡಗು ಹತ್ತು ವರ್ಷಕ್ಕೂ ಮೀರಿದ ಆ ತಾಳ್ಮೆಯ ಫಲ.

ಇನ್ನೊಬ್ಬರು ಅಮೆರಿಕದ ರಿಚರ್ಡ್ ಸ್ಟೆಫಿ. ಇವರು ಪೆನ್ಸಿಲ್ವೇನಿಯಾದ ಒಂದು ಸಣ್ಣ ಊರಿನಲ್ಲಿ ವಿದ್ಯುತ್ ಕೆಲಸ ಮಾಡುತ್ತಿದ್ದವರು. ಬಿಡುವಿನಲ್ಲಿ ಮನೆಯ ನೆಲಮಾಳಿಗೆಯಲ್ಲಿ ಕೂತು ಮಾದರಿ ಹಡಗು ಮಾಡುವುದು ಅವರ ಹವ್ಯಾಸ. ಸಮುದ್ರದ ತಳದಲ್ಲಿ ಸಿಕ್ಕಿದ ಹಳೆಯ ಹಡಗುಗಳ ಅಳತೆಗಳನ್ನು ಹಿಡಿದು ಅವುಗಳ ಮಾದರಿ ಮಾಡತೊಡಗಿದರು. ಹಲಗೆ ಮೊದಲೋ ಎಲುಬು ಮೊದಲೋ, ಯಾವ ಮೂಲೆಯಲ್ಲಿ ಮರ ಬಾಗುವುದಿಲ್ಲ ಎಂಬುದೆಲ್ಲ ಮಾಡುತ್ತ ಮಾಡುತ್ತ ಅವರಿಗೆ ಗೊತ್ತಾಯಿತು. ಸೈಪ್ರಸ್ ಬಳಿ ಸಿಕ್ಕಿದ, ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಕೈರೀನಿಯಾ ಹಡಗನ್ನು ಮತ್ತೆ ಜೋಡಿಸಿದವರು ಇವರೇ. ಮುಂದೆ ಟೆಕ್ಸಾಸಿನ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು, 1985ರಲ್ಲಿ ಮ್ಯಾಕ್‌ಆರ್ಥರ್ ಫೆಲೋಶಿಪ್ ಪಡೆದರು. ಮನೆಯೊಳಗಿನ ಹವ್ಯಾಸವೇ ಒಂದು ಶಾಸ್ತ್ರಕ್ಕೆ ಅಡಿಪಾಯವಾಯಿತು ನೋಡಿ.

ಒಡಲು ಮಾಡುವ ನಾಲ್ಕು ದಾರಿ

ದೋಣಿಯ ಒಡಲನ್ನು ಮಾಡುವುದಕ್ಕೆ ಮನುಷ್ಯ ಕಂಡುಕೊಂಡ ಮುಖ್ಯ ದಾರಿಗಳು ಕೆಲವೇ. ಮನೆಯಲ್ಲಿ ಮಾದರಿ ಮಾಡುವವರೂ ಅದೇ ದಾರಿಗಳಲ್ಲಿ ನಡೆಯುತ್ತಾರೆ. ಆದ್ದರಿಂದ ಒಂದೊಂದು ವಿಧಾನವೂ ಇತಿಹಾಸದ ಒಂದೊಂದು ಪಾಠ.

ಮೊದಲನೆಯದು, ಒಂದೇ ಮರವನ್ನು ಕೊರೆಯುವುದು. ಕೇರಳದ ಪಟ್ಟಣಂ ಎಂಬಲ್ಲಿ 2007ರ ಉತ್ಖನನದಲ್ಲಿ ಸುಮಾರು 6 ಮೀಟರ್ ಉದ್ದದ, ಒಂದೇ ಮರದ ದೋಣಿ ಸಿಕ್ಕಿತು. ಎರಡು ಸಾವಿರ ವರ್ಷಗಳಷ್ಟು ಹಳೆಯದು. ಮರ ಯಾವುದೆಂದರೆ ಮಲಯಾಳದ ಆಞಿಲಿ, ಅಂದರೆ ನಮ್ಮ ಹೆಬ್ಬಲಸು! ಮೊನ್ನೆ ಮೊನ್ನೆಯವರೆಗೂ ನಮ್ಮ ಕರಾವಳಿಯ ದೋಣಿಗಳಿಗೆ ಹೆಬ್ಬಲಸು, ಮಾವು ಇವೇ ಮರಗಳಾಗಿದ್ದವು.

ಮಾದರಿಗೆ ಮೆದುವಾದ ಮರ ಬೇಕು. ಹಾಲೆಮರ (ತುಳುವಿನಲ್ಲಿ ಪಾಲೆ ಮರ) ಆಗಬಹುದು. ಆಟಿ ಅಮಾವಾಸ್ಯೆಗೆ ಕಷಾಯ ಕುಡಿಯುವ ಅದೇ ಮರ. ಹಿಂದೆ ಮಕ್ಕಳ ಬರೆಯುವ ಹಲಗೆ ಮಾಡುತ್ತಿದ್ದುದರಿಂದ ಅದರ ಸಸ್ಯಶಾಸ್ತ್ರೀಯ ಹೆಸರಿನಲ್ಲೇ ‘ಸ್ಕಾಲಾರಿಸ್’ ಎಂದು ಸೇರಿಕೊಂಡಿದೆ. ಚೆನ್ನಾಗಿ ಒಣಗಿದ ಒಂದು ಅಡಿ ಉದ್ದದ ತುಂಡು ತೆಗೆದುಕೊಳ್ಳಿ. ಮೇಲಿನ ಮುಖದ ಮೇಲೆ ನಡುಗೆರೆ ಎಳೆದು, ಎರಡೂ ಕಡೆ ಸಮನಾಗಿ ದೋಣಿಯ ಆಕಾರ ಬರೆಯಿರಿ. ಇದಕ್ಕೆ ಕಾಗದವನ್ನು ಉದ್ದಕ್ಕೆ ಮಡಿಚಿ ಅರ್ಧ ಆಕಾರ ಕತ್ತರಿಸಿ ಬಿಡಿಸಿದರೆ ಸುಲಭ. ಹೊರಗಿನ ಆಕಾರವನ್ನು ಪೂರ್ತಿ ಮುಗಿಸಿದ ಮೇಲೆ ಒಳಗೆ ಕೊರೆಯಬೇಕು. ಮೊದಲೇ ಒಳಗೆ ಕೊರೆದರೆ ಹೊರಗಿನ ಕೆಲಸ ಮಾಡುವಾಗ ಗೋಡೆ ಒಡೆಯುತ್ತದೆ. ಉಳಿ, ಕತ್ತಿ ಬಳಸುವಾಗ ಮಕ್ಕಳ ಪಕ್ಕದಲ್ಲಿ ದೊಡ್ಡವರು ಇರಲೇಬೇಕು.

ಎರಡನೆಯದು, ಪದರದ ಮೇಲೆ ಪದರ ಇಟ್ಟು ಅಂಟಿಸುವುದು. ಭೂಗೋಳದ ಪಾಠದಲ್ಲಿ ಸಮೋನ್ನತಿ ರೇಖೆಗಳಿಂದ ಗುಡ್ಡದ ಮಾದರಿ ಮಾಡುತ್ತೇವಲ್ಲ, ಅದನ್ನೇ ಬೋರಲು ಹಾಕಿದಂತೆ. ಸಮಾನ ದಪ್ಪದ ಹಲಗೆ ಅಥವಾ ಥರ್ಮೋಕೋಲ್ ಪದರಗಳಲ್ಲಿ, ಮೇಲಿನದು ಅಗಲ, ಕೆಳಕ್ಕೆ ಹೋದಂತೆ ಸಪೂರ. ಅಂಟಿಸಿ, ಮೆಟ್ಟಿಲುಗಳನ್ನು ಉಜ್ಜು ಕಾಗದದಿಂದ ಉಜ್ಜಿ ನಯ ಮಾಡಿದರೆ ಒಡಲು ಸಿದ್ಧ. ಅಮೆರಿಕದ ಹಡಗು ಕಟ್ಟುವವರು ಹದಿನೆಂಟನೆಯ ಶತಮಾನದ ಕೊನೆಯ ಭಾಗದಿಂದ ಇದನ್ನು ಆಟಕ್ಕಲ್ಲ, ಕೆಲಸಕ್ಕೇ ಬಳಸಿದರು. ಒಡಲಿನ ಅರ್ಧ ಭಾಗವನ್ನು ಮಾತ್ರ ಹೀಗೆ ಬಿಡಿ ಪದರಗಳಲ್ಲಿ ಕೆತ್ತಿ, ಗಿರಾಕಿಗೆ ತೋರಿಸಿ, ಒಪ್ಪಿಗೆಯಾದ ಮೇಲೆ ಪದರಗಳನ್ನು ಬಿಚ್ಚಿ ಅಳತೆ ತೆಗೆದು, ಅದನ್ನು ದೊಡ್ಡದು ಮಾಡಿ ಹಡಗು ಕಟ್ಟುತ್ತಿದ್ದರು. ಅವರಿಗೆ ಮಾದರಿಯೇ ನಕ್ಷೆ.

ಮೂರನೆಯದು, ಎಲುಬು ಮೊದಲು ನಿಲ್ಲಿಸುವುದು. ತಳದಲ್ಲಿ ಉದ್ದದ ಅಡಿಮರ, ಅದರ ಮೇಲೆ ಅಡ್ಡಡ್ಡ ಎಲುಬುಗಳು, ಕೊನೆಗೆ ಚರ್ಮದಂತೆ ಹಲಗೆ. ಮೆಡಿಟರೇನಿಯನ್ ಸಮುದ್ರದ ಹಡಗುಗಳಲ್ಲಿ ಮೊದಲ ಸಾವಿರ ವರ್ಷಗಳಲ್ಲಿ ನಿಧಾನವಾಗಿ ಈ ಬದಲಾವಣೆ ನಡೆಯಿತು. ಟರ್ಕಿಯ ಕರಾವಳಿಯಲ್ಲಿ ಸಿಕ್ಕಿದ, ಹನ್ನೊಂದನೆಯ ಶತಮಾನದ ಸೆರ್ಚೆ ಲಿಮಾನಿ ಹಡಗು ಎಲುಬು ಮೊದಲು ಮಾಡಿ ಕಟ್ಟಿದ್ದೆಂದು ಮಾದರಿಗಳ ಸಹಾಯದಿಂದ ತೋರಿಸಿಕೊಟ್ಟವರೂ ಸ್ಟೆಫಿಯೇ. ಇಂದು ಅಂಗಡಿಯಲ್ಲಿ ಸಿಗುವ ಮಾದರಿ ಹಡಗಿನ ಕಿಟ್‌ಗಳಲ್ಲಿ ಹೆಚ್ಚಿನವು ಈ ಪದ್ಧತಿಯವು. ಮನೆಯಲ್ಲಿ ದಪ್ಪ ರಟ್ಟಿನಿಂದ ಏಳೆಂಟು ಎಲುಬು ಕತ್ತರಿಸಿ ಅಡಿಮರಕ್ಕೆ ಅಂಟಿಸಿ, ಮೇಲೆ ಬಿದಿರಿನ ತೆಳು ಸೀಳುಗಳನ್ನು ಮುಚ್ಚುತ್ತ ಬಂದರೆ ಆಯಿತು. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಎಂದು ಸೀಳು ಅಂಟಿಸಬೇಕು. ಒಂದೇ ಕಡೆ ಪೂರ್ತಿ ಮುಗಿಸಿದರೆ ಬೆನ್ನು ತಿರುಚಿಕೊಳ್ಳುತ್ತದೆ.

ಇಲ್ಲಿ ನಕ್ಷೆ ಬೇಕೇ ಬೇಕು ಎಂಬುದನ್ನು ಗಮನಿಸಿ. ಎಲುಬಿನ ಆಕಾರ ಮೊದಲೇ ಗೊತ್ತಿಲ್ಲದಿದ್ದರೆ ಆರಂಭಿಸುವಂತೆಯೇ ಇಲ್ಲ. ಯುರೋಪಿನಲ್ಲಿ ಹಡಗಿನ ನಕ್ಷೆಗಳು ಬೆಳೆದುದಕ್ಕೂ ಈ ಪದ್ಧತಿಗೂ ಸಂಬಂಧವಿದೆ. ನಮ್ಮ ಹೊಲಿಗೆಯವರಿಗೆ ಒಡಲಿನ ಆಕಾರ ಬರುತ್ತಿದ್ದುದು ಹಲಗೆಯಿಂದ, ಎಲುಬಿನಿಂದಲ್ಲ.

ಹೊಲಿದು ನೋಡೋಣ

ಈಗ ನಾಲ್ಕನೆಯದು, ನಮ್ಮದೇ ಪದ್ಧತಿ. ಇದಕ್ಕೆ ಅಡಿಕೆ ಹಾಳೆಗಿಂತ ಒಳ್ಳೆಯ ವಸ್ತು ಇನ್ನೊಂದಿಲ್ಲ. ನೆನೆಸಿದರೆ ಬಾಗುತ್ತದೆ, ಒಣಗಿದರೆ ಆಕಾರ ಹಿಡಿಯುತ್ತದೆ. ಮುಟ್ಟಾಳೆ ಮಾಡುವವರಿಗೆ ಇದು ಹೇಳಿಕೊಡಬೇಕಾಗಿಲ್ಲ. ಬೇಕಾದುದು ನಾಲ್ಕೈದು ಒಳ್ಳೆಯ ಹಾಳೆ, ಸಪೂರದ ತೆಂಗಿನ ಹುರಿ ಅಥವಾ ಗೋಣಿ ನೂಲು, ಗೋಣಿ ಹೊಲಿಯುವ ದಬ್ಬಳ, ಒಂದು ಹಿಡಿ ತೆಂಗಿನ ನಾರು, ಬಿದಿರಿನ ಸೀಳು, ಮೇಣ.

ಒಡಲಿಗೆ ಐದು ಹಲಗೆ ಸಾಕು. ತಳಕ್ಕೆ ಒಂದು, ಎಡಕ್ಕೆ ಎರಡು, ಬಲಕ್ಕೆ ಎರಡು. ತಳದ ಹಲಗೆ ಸುಮಾರು 45 ಸೆಂಟಿಮೀಟರ್ ಉದ್ದ, ನಡುವೆ 7 ಸೆಂಟಿಮೀಟರ್ ಅಗಲ, ಎರಡೂ ತುದಿಗೆ ಚೂಪು. ಪಕ್ಕದ ಹಲಗೆಗಳು ಅದಕ್ಕಿಂತ ಸ್ವಲ್ಪ ಉದ್ದ. ಎಡದ ಹಲಗೆ ಕತ್ತರಿಸಿದ ಮೇಲೆ ಅದನ್ನೇ ಮಗುಚಿ ಇಟ್ಟು ಬಲದ್ದನ್ನು ಕತ್ತರಿಸಿ, ಆಗ ಎರಡೂ ಸಮನಾಗಿರುತ್ತವೆ. ಅಂಚಿನಿಂದ ಅರ್ಧ ಸೆಂಟಿಮೀಟರ್ ಒಳಗೆ, ಒಂದೂವರೆ ಸೆಂಟಿಮೀಟರಿಗೆ ಒಂದರಂತೆ ತೂತು ಹಾಕಬೇಕು. ಈ ಅಂಚಿನ ತೂತಿಗೆ ಎದುರಾಗಿಯೇ ಆ ಅಂಚಿನ ತೂತು ಬರಬೇಕು. ಆದ್ದರಿಂದ ಎರಡು ಹಲಗೆಗಳನ್ನು ಅಂಚಿಗೆ ಅಂಚು ಇಟ್ಟು ಒಟ್ಟಿಗೇ ಗುರುತು ಹಾಕಿಕೊಳ್ಳಿ.

ಹಾಳೆಯ ಅಂಚನ್ನು ಸ್ವಲ್ಪ ಒದ್ದೆ ಮಾಡಿ, ಹಲಗೆಗಳನ್ನು ಅಂಚಿಗೆ ಅಂಚು ಸೇರಿಸಿ, ಒಳಗಿನಿಂದ ಸಂದಿಯ ಉದ್ದಕ್ಕೂ ನಾರಿನ ಸುರುಳಿಯನ್ನು ಇಟ್ಟು, ಅದರ ಮೇಲಿನಿಂದ ಅಡ್ಡಡ್ಡವಾಗಿ ಹುರಿ ಎಳೆದು ಹೊಲಿಯಿರಿ. ನಡುವಿನಿಂದ ಆರಂಭಿಸಿ ಎರಡೂ ತುದಿಗೆ ಹೋಗಬೇಕು. ಗುಟ್ಟು ಇರುವುದು ಈ ನಾರಿನ ಸುರುಳಿಯಲ್ಲಿ. ಹುರಿ ಹಲಗೆಗಳನ್ನು ಬಿಗಿಯುತ್ತದೆ, ನೀರನ್ನು ತಡೆಯುವುದು ಸುರುಳಿ. ಹೊಲಿಗೆ ಮುಗಿದ ಮೇಲೆ ತೂತುಗಳಿಗೆ ನಾರು ತುರುಕಿ ಕರಗಿಸಿದ ಮೇಣ ಹಚ್ಚಿ. ಹಿಂದಿನವರು ರಾಳ, ಮೀನೆಣ್ಣೆ, ಗೇರೆಣ್ಣೆ ಬಳಸುತ್ತಿದ್ದರು. ಗೇರೆಣ್ಣೆ ತಾಗಿದರೆ ಚರ್ಮ ಸುಡುತ್ತದೆ, ಮಕ್ಕಳಿಗೆ ಅದು ಬೇಡ.

ಈ ಹಂತದಲ್ಲಿ ದೋಣಿಯನ್ನು ಎರಡೂ ತುದಿಯಲ್ಲಿ ಹಿಡಿದು ಮೆಲ್ಲಗೆ ತಿರುಚಿ ನೋಡಿ. ಒಡಲು ಬಳುಕುತ್ತದೆ. ಈಗ ಬಿದಿರಿನ ಸೀಳುಗಳನ್ನು ಬಾಗಿಸಿ ನಾಲ್ಕೈದು ಕಡೆ ಒಳಗೆ ಅಡ್ಡವಾಗಿ ಕೂರಿಸಿ ಹುರಿಯಿಂದ ಬಿಗಿದು ಮತ್ತೆ ತಿರುಚಿ ನೋಡಿ. ಗಟ್ಟಿಯಾಗಿದೆ, ಆದರೂ ಸ್ವಲ್ಪ ಬಾಗುವ ಗುಣ ಉಳಿದಿದೆ. ಇಬ್ನ್ ಬತೂತಾ ಬರೆದುದು ಇದನ್ನೇ. ನೀರಿಗೆ ಬಿಟ್ಟಾಗ ಮೊದಲು ಸಂದಿಗಳಲ್ಲಿ ನೀರು ಜಿನುಗಬಹುದು. ಅರ್ಧ ಗಂಟೆ ಬಿಡಿ, ನಾರು ಉಬ್ಬಿ ಸಂದಿ ಮುಚ್ಚುತ್ತ ಬರುತ್ತದೆ. ಉಬ್ಬಿದ ನಾರೇ ಹಡಗನ್ನು ಕಾಯುತ್ತದೆ ಎಂಬುದು ಹೀಗೆ ಕಣ್ಣೆದುರು ಕಂಡರೆ ಮಕ್ಕಳು ಮರೆಯುವುದಿಲ್ಲ.

ಹೊಲಿಗೆಯೆಂದರೆ ಹಿಂದುಳಿದ ವಿಧಾನ ಎಂದು ಯಾರಾದರೂ ಹೇಳಿದರೆ ಅವರಿಗೆ ಇಂಗ್ಲೆಂಡಿನ ‘ಮಿರರ್’ ದೋಣಿಯ ಕಥೆ ಹೇಳಿ. 1960ರ ದಶಕದ ಆರಂಭದಲ್ಲಿ ಡೈಲಿ ಮಿರರ್ ಪತ್ರಿಕೆಯ ಬೆಂಬಲದಿಂದ, ಸಾಮಾನ್ಯ ಜನ ಮನೆಯಲ್ಲೇ ಕಟ್ಟಿಕೊಳ್ಳಬಹುದಾದ ಹಾಯಿದೋಣಿಯೊಂದು ಬಂತು. ಪ್ಲೈವುಡ್ ಹಲಗೆಗಳ ಅಂಚಿಗೆ ತೂತು ಹಾಕಿ ತಾಮ್ರದ ತಂತಿಯಿಂದ ಹೊಲಿದು, ಸಂದಿಗೆ ಗಾಜಿನ ನಾರಿನ ಪಟ್ಟಿ ಮತ್ತು ಅಂಟು. ಅಂಥ ದೋಣಿಗಳು ಎಪ್ಪತ್ತು ಸಾವಿರದಷ್ಟು ಆದವು.

ಸಣ್ಣದರಿಂದ ದೊಡ್ಡದಕ್ಕೆ

ಮಾದರಿ ತೇಲಿದರೆ ದೊಡ್ಡ ಹಡಗೂ ಹಾಗೆಯೇ ತೇಲುತ್ತದೆಯೆ? ಇಲ್ಲಿ ಸ್ವಲ್ಪ ಗಣಿತ ಬೇಕು. ಉದ್ದ 40ನೇ ಒಂದು ಭಾಗವಾದರೆ ತೂಕ 40ನೇ ಒಂದು ಭಾಗ ಆಗುವುದಿಲ್ಲ. ಉದ್ದ, ಅಗಲ, ಎತ್ತರ ಮೂರೂ ಕುಗ್ಗುವುದರಿಂದ 40 ಗುಣಿಸು 40 ಗುಣಿಸು 40, ಅಂದರೆ 64,000ನೇ ಒಂದು ಭಾಗವಾಗುತ್ತದೆ. 64 ಟನ್ ತೂಕದ ಹಡಗಿನ 40ನೇ ಒಂದು ಭಾಗದ ಮಾದರಿ ಸರಿಯಾದ ಆಳಕ್ಕೆ ಮುಳುಗಬೇಕಾದರೆ ಅದು ಒಂದು ಕಿಲೋ ತೂಗಬೇಕು. ಹಾಳೆಯ ದೋಣಿ ಅಷ್ಟು ತೂಗುವುದಿಲ್ಲ, ಆದ್ದರಿಂದ ತಳಕ್ಕೆ ಹೊಯಿಗೆ ಅಥವಾ ಸಣ್ಣ ಕಲ್ಲು ಹಾಕಬೇಕು. ಇಲ್ಲದಿದ್ದರೆ ಗಾಳಿಗೆ ಮಗುಚುತ್ತದೆ.

ವೇಗದ ಲೆಕ್ಕ ಕಂಡುಕೊಂಡವರು ಇಂಗ್ಲೆಂಡಿನ ವಿಲಿಯಂ ಫ್ರೌಡ್. 1872ರಲ್ಲಿ ಟಾರ್ಕ್ವೇ ಎಂಬಲ್ಲಿ ಉದ್ದನೆಯ ನೀರಿನ ತೊಟ್ಟಿ ಮಾಡಿಸಿ, ಮೇಣದ ಮಾದರಿ ಒಡಲುಗಳನ್ನು ಅದರಲ್ಲಿ ಎಳೆಸಿ ಪರೀಕ್ಷೆ ನಡೆಸಿದರು. ಮಾದರಿಯ ವೇಗ ಉದ್ದದ ವರ್ಗಮೂಲಕ್ಕೆ ತಕ್ಕಂತೆ ಇರಬೇಕು ಎಂಬುದು ಅವರ ನಿಯಮ. 25ನೇ ಒಂದು ಭಾಗದ ಮಾದರಿಯನ್ನು 5ನೇ ಒಂದು ಭಾಗದ ವೇಗದಲ್ಲಿ ಎಳೆದರೆ, ಅದು ಎಬ್ಬಿಸುವ ತೆರೆಗಳು ದೊಡ್ಡ ಹಡಗಿನ ತೆರೆಗಳ ಹಾಗೆಯೇ ಇರುತ್ತವೆ. ಇಂದಿಗೂ ದೊಡ್ಡ ಹಡಗು ಕಟ್ಟುವ ಮೊದಲು ಹೀಗೆ ಮಾದರಿಯನ್ನು ಪರೀಕ್ಷಿಸುತ್ತಾರೆ.

ನಮ್ಮ ಕಣ್ಣೆದುರಿಗೇ ಒಂದು ಉದಾಹರಣೆ ಇದೆ. ಅಜಂತಾ ಗುಹೆಯ ಐದನೆಯ ಶತಮಾನದ ಚಿತ್ರದಲ್ಲಿರುವ ಹಡಗನ್ನು ನೋಡಿ, ಅಂಥದೇ ಹೊಲಿದ ಹಡಗು ಕಟ್ಟಬೇಕೆಂದು 2023ರಲ್ಲಿ ಕೇಂದ್ರ ಸಂಸ್ಕೃತಿ ಸಚಿವಾಲಯ, ನೌಕಾಪಡೆ ಮತ್ತು ಗೋವಾದ ಹೋಡಿ ಇನ್ನೊವೇಶನ್ಸ್ ಒಪ್ಪಂದ ಮಾಡಿಕೊಂಡವು. ಚಿತ್ರ ಬಿಟ್ಟರೆ ಬೇರೆ ನಕ್ಷೆ ಇರಲಿಲ್ಲ. ಚಿತ್ರದಿಂದ ಒಡಲಿನ ಆಕಾರವನ್ನು ಊಹಿಸಿ, ಐಐಟಿ ಮದ್ರಾಸಿನಲ್ಲಿ ಮಾದರಿಯನ್ನು ನೀರಿನಲ್ಲಿ ಪರೀಕ್ಷಿಸಿದರು. ಹೊಲಿಗೆ ಕೆಲಸ ನಡೆದುದು ಕೇರಳದ ಬಾಬು ಶಂಕರನ್ ಅವರ ನೇತೃತ್ವದ ಕುಶಲಕರ್ಮಿಗಳಿಂದ. ಸುಮಾರು 19.6 ಮೀಟರ್ ಉದ್ದದ ಆ ಹಡಗನ್ನು 2025ರ ಮೇ 21ರಂದು ನಮ್ಮ ಕಾರವಾರದಲ್ಲಿ ‘ಕೌಂಡಿನ್ಯ’ ಎಂಬ ಹೆಸರಿನಿಂದ ನೌಕಾಪಡೆಗೆ ಸೇರಿಸಿದರು. ಅದರ ಹಾಯಿಯ ಮೇಲೆ ಗಂಡಭೇರುಂಡವಿದೆ. 2025ರ ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟು 2026ರ ಜನವರಿ 14ರಂದು ಅದು ಮಸ್ಕತ್ ಮುಟ್ಟಿತು.

ಅದಕ್ಕಿಂತ ಮೊದಲೇ, 1980ರಲ್ಲಿ, ಟಿಮ್ ಸೆವೆರಿನ್ ಎಂಬ ಸಾಹಸಿ ಒಮಾನಿನಲ್ಲಿ ‘ಸೋಹರ್’ ಎಂಬ ಹೊಲಿದ ಹಡಗು ಕಟ್ಟಿಸಿ ಮಸ್ಕತ್‌ನಿಂದ ಚೀನಾದವರೆಗೆ ಹೋಗಿದ್ದರು. ಮರ ಮಲಬಾರಿನದು, ನಮ್ಮ ಹೆಬ್ಬಲಸು. ಕಟ್ಟಿದ ತಂಡದ ಮುಂದಾಳು ಲಕ್ಷದ್ವೀಪದ ಮಿನಿಕಾಯ್‌ನ ಅಲಿ ಮಣಿಕ್‌ಫಾನ್. ಶಾಲೆಯ ಓದಿಗಿಂತ ಸ್ವಂತ ಕಲಿಕೆಯಿಂದ ಬೆಳೆದ ಈ ಹಿರಿಯರಿಗೆ 2021ರಲ್ಲಿ ಪದ್ಮಶ್ರೀ ಬಂತು. ಬೇಕೆಂದಾಗ ಹೊಲಿಯುವ ಕೈಗಳು ಸಿಕ್ಕಿದ್ದು ಎಲ್ಲಿ ನೋಡಿ. ದ್ವೀಪಗಳಲ್ಲಿ ಮತ್ತು ನಮ್ಮ ಈ ಕರಾವಳಿಯಲ್ಲಿ.

ಅಕ್ಕಿಯ ದಾರಿ, ಹುರಿಯ ದಾರಿ

ಬರ್ಬೋಸಾ ಕಂಡ ಅಕ್ಕಿ-ಹುರಿ ವ್ಯಾಪಾರ ಅವನ ಕಾಲಕ್ಕೇ ಮುಗಿಯಲಿಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಈ ಅಮಿನ್‌ದಿವಿ ದ್ವೀಪಗಳು ಬ್ರಿಟಿಷರ ಕಾಲದಲ್ಲಿ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ದ್ವೀಪದವರು ತಮ್ಮ ಓಡಗಳಲ್ಲಿ ಹುರಿ ತುಂಬಿಕೊಂಡು ಮಂಗಳೂರಿಗೆ ಬರುತ್ತಿದ್ದರು, ಹುರಿಯನ್ನು ಸರಕಾರವೇ ಕೊಂಡು ಬದಲಿಗೆ ಅಕ್ಕಿ ಕೊಡುತ್ತಿತ್ತು. ಹುರಿಯಿಂದ ಹೊಲಿದ ಓಡದಲ್ಲೇ ಹುರಿ ಬರುತ್ತಿತ್ತು! 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಿಂದ ಬೇರೆಯಾಗಿ ಕೇರಳಕ್ಕೆ ಸೇರಿತು. ಅದೇ ದಿನ ಅಮಿನ್‌ದಿವಿ ದ್ವೀಪಗಳೂ ಹೊಸ ಕೇಂದ್ರಾಡಳಿತ ಪ್ರದೇಶಕ್ಕೆ ಸೇರಿದವು. ನಾವು ನವೆಂಬರ್ 1 ಎಂದಾಗ ಗಡಿಯ ಮಾತು ಮಾತ್ರ ಆಡುತ್ತೇವೆ. ನೆಲದ ಗಡಿಯ ಹಾಗೆಯೇ ಅಂದು ಕಡಲ ದಾರಿಯೊಂದು ಕೂಡ ಮೂರು ಆಡಳಿತಗಳಲ್ಲಿ ಹಂಚಿಹೋಯಿತು ಎಂಬುದು ನೆನಪಿಗೆ ಬರುವುದಿಲ್ಲ.

ಈಗ ಕುಂಬಳೆ, ಕೊಯಿಪ್ಪಾಡಿ ಕಡಲ ಕಿನಾರೆಯಲ್ಲಿ ನಿಂತರೆ ಕಾಣುವುದು ಫೈಬರ್ ದೋಣಿಗಳು, ಅವಕ್ಕೆ ಎಂಜಿನ್. ಅವು ಹಗುರ, ಬಾಳಿಕೆ ಹೆಚ್ಚು, ಮರ ಸಿಗದ ಕಾಲದಲ್ಲಿ ಅನಿವಾರ್ಯ. ಅದಕ್ಕೆ ಕೊರಗಿ ಪ್ರಯೋಜನವಿಲ್ಲ, ಕಡಲಿಗೆ ಹೋಗುವವರ ಜೀವ ಮುಖ್ಯ. ಆದರೆ ಮರದ ದೋಣಿಯ ಜೊತೆಗೆ ಅದರ ಶಬ್ದಗಳೂ ಹೋಗುತ್ತಿವೆ. ಕನ್ನಡದ ದೋಣಿ, ತುಳುವಿನ ಓಡ ಮತ್ತು ಪಾತಿ, ಮಲಯಾಳದ ತೋಣಿ ಮತ್ತು ವಳ್ಳ ಎಲ್ಲವೂ ಈ ಒಂದೇ ಕಿನಾರೆಯಲ್ಲಿ ಇದ್ದವು. ಒಂದೊಂದು ಹಲಗೆಗೆ, ಒಂದೊಂದು ಗಂಟಿಗೆ ಹೆಸರು ಇತ್ತು. ಪಠ್ಯಪುಸ್ತಕದಲ್ಲಿ ಅವು ಸಿಗುವುದಿಲ್ಲ, ನಿಘಂಟುಗಳಲ್ಲೂ ಹೆಚ್ಚಿನವು ಇಲ್ಲ. ಮೊಗವೀರ ಹಿರಿಯರ, ಮಾಪಿಳ್ಳ ಹಿರಿಯರ, ಹಳೆಯ ಆಚಾರಿಗಳ ಬಾಯಲ್ಲಿ ಮಾತ್ರ ಇವೆ.

ಹಾಗಾಗಿ ಶಿಕ್ಷಕ ಮಿತ್ರರಲ್ಲಿ ಮತ್ತು ಹೆತ್ತವರಲ್ಲಿ ನಮ್ಮದೊಂದು ವಿನಂತಿ. ಈ ರಜೆಯಲ್ಲಿ ಮಕ್ಕಳ ಕೈಗೆ ಒಂದು ಅಡಿಕೆ ಹಾಳೆ, ದಬ್ಬಳ, ಹುರಿ ಕೊಡಿ. ದೋಣಿ ಓರೆಯಾದರೂ ಚಿಂತೆಯಿಲ್ಲ, ನೀರು ಜಿನುಗಿದರೂ ಚಿಂತೆಯಿಲ್ಲ. ಮಾಡಿ ಮುಗಿದ ಮೇಲೆ ಅದನ್ನು ಹಿಡಿದುಕೊಂಡು ಹತ್ತಿರದ ಕಡಲ ಕಿನಾರೆಯ ಒಬ್ಬ ಹಿರಿಯರ ಬಳಿ ಕರೆದೊಯ್ಯಿರಿ. “ಅಜ್ಜ, ಇದಕ್ಕೆ ಏನು ಹೆಸರು? ಇದಕ್ಕೆ?” ಎಂದು ಒಂದೊಂದು ಭಾಗ ತೋರಿಸಿ ಮಕ್ಕಳೇ ಕೇಳಲಿ. ಬರೀ ಕೈಯಲ್ಲಿ ಹೋಗಿ ಕೇಳಿದರೆ ನೆನಪಿಗೆ ಬಾರದ ಶಬ್ದಗಳು ಕೈಯಲ್ಲಿ ದೋಣಿಯೊಂದು ಇದ್ದರೆ ತಾನಾಗಿ ಬರುತ್ತವೆ. ಬಂದ ಶಬ್ದಗಳನ್ನು ನೋಟ್ ಪುಸ್ತಕದಲ್ಲಿ ಬರೆಸಿ, ಯಾವ ಭಾಷೆಯದು ಎಂದೂ ಬರೆಸಿ. ನಮಗೂ ತಿಳಿಸಿದರೆ ಸಂತೋಷ.